ಶಿವಲಿಂಗಮ್ಮ ಎದ್ದು ಬಂದ ಸಿನಿಮಾ

ಕೋಡಿಹಳ್ಳಿಯ ಶಿವಲಿಂಗಮ್ಮನಿಗೆ ದೆವ್ವದ ಸಿನಿಮಾ ನೋಡುವ ಚಟ ಹತ್ತಿದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಆಕೆ ಟಾಕೀಸಿಗೆ ಹೋಗಿದ್ದೇ ಅಪರೂಪ, ಹೋದರೂ ದೇವರ ಸಿನಿಮಾಕ್ಕೆ. ಈಗ ಕನಕಪುರದ ಟಾಕೀಸಿಗೆ ದೆವ್ವದ ಸಿನಿಮಾ ಬಂದಿದೆ ಎಂದು ಗೊತ್ತಾದರೆ ಸಾಕು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಹಸುವಿನ ಮುಂದೆ ಹುಲ್ಲು ಹರಡಿ, ಪ್ರೈವೇಟ್ ಬಸ್ಸು ಹತ್ತಿಬಿಡುತ್ತಿದ್ದಳು. ಮ್ಯಾಟ್ನಿ ನೋಡಿಕೊಂಡು ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ ಬರುತ್ತಿದ್ದಳು. ಊರ ಹೆಂಗಸರು ಕೇಳಿದರೆ, "ಪ್ಯಾಟೇಲಿ ಒಸಿ ಕೆಲ್ಸ ಇತ್ತು" ಎನ್ನುವಳು. ಏನು ಕೆಲಸವೆಂದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಬಸ್ಸಿನ ಕಂಡಕ್ಟರ್ ಕೋಡಿಹಳ್ಳಿಯವನೇ.

ಆಕೆ ಹೆದರುವುದಕ್ಕೆಂದು ಹೋಗುತ್ತಿರಲಿಲ್ಲ. ಹೆದರುತ್ತಲೂ ಇರಲಿಲ್ಲ. ತೆರೆಯ ಮೇಲೆ ರಕ್ತ ಹರಿಯುತ್ತಿದ್ದರೆ, ಬಾವಿಯಿಂದ ಕೈ ಮೇಲೆ ಬರುತ್ತಿದ್ದರೆ, ಕಾಲೇಜು ಹುಡುಗಿಯರು ದುಪಟ್ಟಾದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರೆ, ಶಿವಲಿಂಗಮ್ಮ ಗೋಡೆ ಪಕ್ಕದ ಸೀಟಿನಲ್ಲಿ ಕಡ್ಲೆಪುರಿ ತಿನ್ನುತ್ತ, ಮಾತು ಕೊಟ್ಟು ತಡವಾಗಿ ಬಂದ ನೆಂಟರನ್ನು ನೋಡುವ ಹಾಗೆ ದೆವ್ವವನ್ನು ನೋಡುತ್ತಿದ್ದಳು. ಕೆಲವು ಸಲ ನಿದ್ದೆ ಹೋಗುತ್ತಿದ್ದಳು.

ಟಾಕೀಸಿನ ಮ್ಯಾನೇಜರ್ ಅನಂತರಾಜು ಇದನ್ನು ಗಮನಿಸಿದ್ದ. ಸಿನಿಮಾ ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು, "ಹೆಂಗಿತ್ತವ್ವಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡ. ಆಕೆ ನಿದ್ದೆ ಮಾಡಿದ್ದರೆ ಸೋಮವಾರಕ್ಕೆ ಸಿನಿಮಾ ತೆಗೆಯುವ ಯೋಚನೆ ಮಾಡುತ್ತಿದ್ದ. ಒಂದು ಸಲ ಆಕೆ ಗೊರಕೆ ಹೊಡೆದ ಸಿನಿಮಾ ಬೇರೆ ಊರುಗಳಲ್ಲೆಲ್ಲ ಚೆನ್ನಾಗಿ ಓಡಿ, ಕನಕಪುರದಲ್ಲಿ ಮಾತ್ರ ಬೇಗ ಹೋಯಿತು. ಆದರೂ ಕೇಳುವುದನ್ನು ಬಿಡಲಿಲ್ಲ. ಅವನಿಗೆ ಕೇಳಲು ಬೇರೆ ಯಾರೂ ಇರಲಿಲ್ಲ.

ಕ್ಯಾಂಟೀನಿನ ಹುಸೇನನೂ ಈ ಮಾತಿಗೆ ಸೇರಿಕೊಳ್ಳುತ್ತಿದ್ದ. ಅವನು ಚನ್ನಪಟ್ಟಣದವನು. ಅಣ್ಣಂದಿರೆಲ್ಲ ಗೊಂಬೆ ಮಾಡುವವರು, ಇವನೊಬ್ಬ ಅರಗಿನ ವಾಸನೆ ಆಗುವುದಿಲ್ಲವೆಂದು ಸಮೋಸದ ಎಣ್ಣೆಗೆ ಬಂದವನು.

"ಭಯ ಅಂದ್ರೆ ಸೌಂಡೇ ಅಮ್ಮಾ," ಎನ್ನುತ್ತಿದ್ದ ಹುಸೇನ್. "ಕತೆಗಿತೆ ಎಲ್ಲ ಆಮೇಲೆ. ಢಂ ಅಂದ್ರೆ ಕೈಯಲ್ಲಿರೋ ಸಮೋಸ ಕೆಳಗೆ ಬೀಳ್ಬೇಕು."

"ಢಂ ಅಂದ್ರೆ ನಮ್ಮನೆ ಹಸಾನೂ ಬೆಚ್ಚಿಬೀಳ್ತದೆ. ಅದುಕ್ಕೆ ದೆವ್ವ ಯಾಕೆ, ಪಟಾಕಿ ಸಾಕಲ್ಲ."

ಅನಂತರಾಜುವಿನ ಅಭಿಪ್ರಾಯ ಬೇರೆ. ದೆವ್ವವನ್ನು ತೋರಿಸಲೇಬಾರದು, ಬರೀ ಕತ್ತಲೆ ತೋರಿಸಬೇಕು, ನೋಡುವವನು ತಾನೇ ಊಹೆ ಮಾಡಿಕೊಂಡು ನಡುಗಬೇಕು ಎಂದು ಅವನು ಎಲ್ಲೋ ಕೇಳಿದ್ದ.

"ಕತ್ಲೆ ನೋಡಕ್ಕೆ ನಾನ್ಯಾಕಪ್ಪ ಬಸ್ ಚಾರ್ಜ್ ಕೊಟ್ಕಂಡು ಬರ್ಲಿ," ಎಂದಳು ಶಿವಲಿಂಗಮ್ಮ. "ನಮ್ಮೂರಲ್ಲೇ ದಿನಾ ಕರೆಂಟ್ ತೆಗೀತಾರೆ."

"ಹಂಗಾದ್ರೆ ನಿಮಗೆ ಏನಿದ್ರೆ ಭಯ ಆಯ್ತದೆ?" ಎಂದು ಕೇಳಿದ ಅನಂತರಾಜು.

"ಭಯದ ಮಾತು ಬುಡು. ನಂಗೆ ಒಂದು ಅರ್ಥ ಆಗಕಿಲ್ಲ. ಸತ್ತೋರು ವಾಪಸ್ ಬತ್ತಾರೆ. ಅಷ್ಟು ದೂರದಿಂದ ಬತ್ತಾರೆ. ಬಂದ್ಬುಟ್ಟು ಬಾಗ್ಲು ಬಡಿಯಾದು, ಕಿರುಚಾದು, ಮಂಚ ಎತ್ತಿ ಕುಕ್ಕಾದು. ಅಲ್ಲ, ಮನೆ ಮಂದೀನ ಒಂದು ಮಾತಾಡ್ಸವ ಅಂತ ಒಬ್ರಿಗೂ ಅನ್ನಿಸಕಿಲ್ವಾ?"

ಹುಸೇನ್ ನಕ್ಕ. ಅನಂತರಾಜುವೂ ನಕ್ಕ. ಶಿವಲಿಂಗಮ್ಮ ನಗಲಿಲ್ಲ. ಅವಳು ಹೇಳಿದ್ದು ತಮಾಷೆಯಾಗಿರಲಿಲ್ಲ.

ಆಕೆಯ ಗಂಡ ಬೋರಲಿಂಗಯ್ಯ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬನೇ ಮಗ ಸ್ವಾಮಿ. ಗೂಡ್ಸ್ ಗಾಡಿ ಇಟ್ಟುಕೊಂಡು ಸುತ್ತಲಿನ ಊರುಗಳ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬರುತ್ತಿದ್ದ. ಒಂದು ದಿನ ಗೂಡು ಇಳಿಸಿದ ಮೇಲೆ ಮನೆಯ ಕಡೆ ತಿರುಗದೆ ಚನ್ನಪಟ್ಟಣದ ಕಡೆ ಹೋದ. ಕೆಂಗಲ್ ಹತ್ತಿರ ಹಿಂದಿನಿಂದ ಬಂದ ಲಾರಿ ಅವನ ಗಾಡಿಗೆ ಗುದ್ದಿತು, ಸ್ವಾಮಿ ಉಳಿಯಲಿಲ್ಲ. ಚನ್ನಪಟ್ಟಣಕ್ಕೆ ಅವನು ಹೋಗಿದ್ದು ಹೆಂಡತಿ ರಮ್ಯಾ ಹೇಳಿದ್ದಕ್ಕೆ. ಅಲ್ಲಿ ಅವಳ ಅಕ್ಕನ ಮಗುವಿಗೆ ನಾಮಕರಣ ಇತ್ತು. "ಹೆಂಗೂ ರಾಮನಗರದ ತನಕ ಹೋಗ್ತೀರಲ್ಲ, ಮಗೂಗೆ ತಂದಿರೋ ಬಟ್ಟೆ ಕೊಟ್ಟು ಬನ್ನಿ" ಎಂದು ಅವಳು ಚೀಲ ಕೊಟ್ಟಿದ್ದಳು. ಚೀಲ ಕೊಡುವಾಗ ಶಿವಲಿಂಗಮ್ಮ ಜಗುಲಿಯಲ್ಲೇ ಇದ್ದಳು.

ಅದಾದ ಮೇಲೆ ಆಕೆ ಸೊಸೆಯನ್ನು ಬೈಯಲಿಲ್ಲ. ತವರಿಗೆ ಹೋಗು ಎನ್ನಲಿಲ್ಲ. ಕಾಲ್ಗುಣ, ಹಣೆಬರಹ ಎಂದು ಬೇರೆಯವರು ಶುರು ಮಾಡಿದಾಗ ಎದ್ದು ಒಳಗೆ ಹೋದಳು. ತಿಥಿ ಮುಗಿಯುವ ತನಕ ಅಳುವ ಕೆಲಸ ಇತ್ತು. ಅಳು ನಿಂತ ಮೇಲೆ ರಮ್ಯಾಳ ಜೊತೆ ಮಾತಾಡಬೇಕಾಗಿತ್ತು, ಬಾಯಿ ಬರಲಿಲ್ಲ. ನಾಳೆ ಮಾತಾಡಿದರಾಯಿತು ಅಂದುಕೊಂಡಳು. ನಾಳೆಯೂ ಬಾಯಿ ಬರಲಿಲ್ಲ. ಹಾಗೆ ಮೂರು ವರ್ಷವಾಯಿತು. ಊರವರು ಇದನ್ನು ಹೊರಗಿನಿಂದ ನೋಡಿ, "ಶಿವಲಿಂಗಮ್ಮ ಸೊಸೆಗೆ ಒಂದು ಮಾತೂ ಅಂದಿಲ್ಲ ಕಣ್ರೀ, ಮಗಳಂಗೆ ಇಟ್ಕಂಡವ್ಳೆ" ಎಂದು ಹೊಗಳುತ್ತಿದ್ದರು. ಒಂದು ಮಾತೂ ಅಂದಿಲ್ಲ ಎಂಬುದು ನಿಜವೇ ಆಗಿತ್ತು.

ಮನೆ ನಡೆಯಬೇಕಲ್ಲ, ಅದಕ್ಕೆ ಹಸು ಇತ್ತು. ಹೇಳುವುದನ್ನೆಲ್ಲ ಆಕೆ ಕೊಟ್ಟಿಗೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು. "ಕೆಂಪಿ, ರಾಗಿಹಿಟ್ಟು ಮುಗೀತಾ ಬಂತು ಕಣೆ" ಎಂದರೆ ರಮ್ಯಾ ಸಂಜೆ ಮಿಲ್ಲಿಗೆ ಹೋಗುತ್ತಿದ್ದಳು. "ಕೆಂಪಿ, ನಾಳೆ ನಾನು ಪ್ಯಾಟೆಗೆ ಹೋಯ್ತೀನಿ" ಎಂದರೆ ರಮ್ಯಾ ಬೆಳಿಗ್ಗೆ ಬೇಗ ಎದ್ದು ಮುದ್ದೆ ಮಾಡಿಟ್ಟು ಹೋಗುತ್ತಿದ್ದಳು. ಅವಳು ಹಾರೋಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಸೇರಿದ್ದಳು. ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು, ಸಂಜೆ ತಂದು ಬಿಡುತ್ತಿತ್ತು. ಮನೆಗೆ ಬಂದು ಮುಖ ತೊಳೆದು, ಅತ್ತೆ ಮಾಡಿಟ್ಟ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಇಬ್ಬರೂ ಟಿವಿಯ ಮುಂದೆ ಕೂತು ಉಣ್ಣುತ್ತಿದ್ದರು. ಜಗಳ ಅಂತ ಒಂದು ದಿನವೂ ಆಗಲಿಲ್ಲ.

ಶಿವಲಿಂಗಮ್ಮ ಟಾಕೀಸಿಗೆ ಹೋಗಲು ಶುರು ಮಾಡಿದ್ದೂ ಆಗಲೇ. ಸತ್ತವರು ವಾಪಸ್ ಬರುವುದನ್ನು ತೋರಿಸುವ ಜಾಗ ಅದೊಂದೇ ಎಂದು ಆಕೆಗೆ ಗೊತ್ತಾಗಿತ್ತು. ಪ್ರತಿ ಸಲವೂ ಯಾರೋ ಒಬ್ಬರು ಬರುತ್ತಿದ್ದರು. ಪ್ರತಿ ಸಲವೂ ಕೆಟ್ಟದಾಗಿ ಬರುತ್ತಿದ್ದರು. ಮುಂದಿನದರಲ್ಲಾದರೂ ಒಬ್ಬ ನೆಟ್ಟಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಕೂರಬಹುದು ಎಂದುಕೊಂಡು ಆಕೆ ಮತ್ತೆ ಬಸ್ಸು ಹತ್ತುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ. ಕೆಂಪಿಗೂ ಹೇಳಿರಲಿಲ್ಲ.

ಕಳೆದ ವರ್ಷ, ಅವರೆಕಾಯಿ ಮುಗಿಯುತ್ತ ಬಂದ ದಿನಗಳಲ್ಲಿ, ಹೊಸ ಹುಡುಗರು ಸೇರಿ ಮಾಡಿದ ಒಂದು ಸಿನಿಮಾ ಕನಕಪುರಕ್ಕೆ ಬಂತು. ಪೋಸ್ಟರಿನಲ್ಲಿ ದೆವ್ವ ಇರಲಿಲ್ಲ. ಒಂದು ಅಡುಗೆಮನೆ, ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತ ಹೆಂಗಸು, ಅಷ್ಟೇ. "ದೆವ್ವದ್ದೇನಾ?" ಎಂದು ಶಿವಲಿಂಗಮ್ಮ ಕೇಳಿದಳು. "ಹಂಗಂತ ಹೇಳವ್ರೆ" ಎಂದ ಅನಂತರಾಜು. ಅವನ ಮುಖದಲ್ಲೂ ಅನುಮಾನ ಇತ್ತು.

ಸಿನಿಮಾದಲ್ಲಿ ಒಂದು ಮನೆ. ಗಂಡ, ಅತ್ತೆ, ಮಾವ, ನಾದಿನಿ, ಸೊಸೆ. ಸೊಸೆ ಅಡುಗೆ ಮಾಡಿ ಬಡಿಸುತ್ತಾಳೆ, ಅವರು ಉಣ್ಣುತ್ತಾರೆ. ಅವಳು ಏನಾದರೂ ಕೇಳುತ್ತಾಳೆ, ಯಾರೂ ಉತ್ತರ ಕೊಡುವುದಿಲ್ಲ. ಅವಳು ಕೋಣೆಗೆ ಬಂದರೆ ಯಾರೂ ತಲೆ ಎತ್ತುವುದಿಲ್ಲ. ಕಾಲು ಗಂಟೆಯಲ್ಲಿ ಟಾಕೀಸಿನವರಿಗೆಲ್ಲ ಗುಟ್ಟು ಹೊಳೆದುಬಿಟ್ಟಿತು. "ಇವ್ಳೇ ಕಣ್ಲಾ ದೆವ್ವ. ಸತ್ತೋಗವ್ಳೆ, ಇವ್ಳಿಗೆ ಗೊತ್ತಿಲ್ಲ" ಎಂದು ಹಿಂದಿನ ಸಾಲಿನವನೊಬ್ಬ ಸ್ನೇಹಿತನಿಗೆ ಹೇಳಿದ. ಶಿವಲಿಂಗಮ್ಮನಿಗೂ ಹಾಗೇ ಅನ್ನಿಸಿತು. ಜೊತೆಗೆ ಸ್ವಲ್ಪ ಖುಷಿಯೂ ಆಯಿತು. ವಾಪಸ್ ಬಂದು ಕಿರುಚದೆ, ಒಲೆ ಹಚ್ಚಿ, ಎಲ್ಲರಿಗೂ ಬಡಿಸುವ ದೆವ್ವವನ್ನು ಆಕೆ ಕಂಡಿದ್ದು ಅದೇ ಮೊದಲು.

ಇಂಟರ್‌ವಲ್ ಆದ ಮೇಲೆ ಮೀಟರ್ ನೋಡುವವನೊಬ್ಬ ಆ ಮನೆಗೆ ಬರುತ್ತಾನೆ. ಮೀಟರ್ ನೋಡಿ, ಸೊಸೆಯ ಕಡೆ ತಿರುಗಿ, "ಅಕ್ಕಾ, ಕುಡಿಯಕ್ಕೆ ನೀರು ಕೊಡ್ತೀರಾ?" ಎನ್ನುತ್ತಾನೆ. ಅವಳು ಬೆಚ್ಚಿಬೀಳುತ್ತಾಳೆ. ಲೋಟ ತಂದು ಕೊಡುತ್ತಾಳೆ. ಅವನು ಕುಡಿದು, ಬಿಸಿಲಿನ ಬಗ್ಗೆ ಎರಡು ಮಾತಾಡಿ ಹೋಗುತ್ತಾನೆ. ಅವಳು ಸತ್ತಿರಲಿಲ್ಲ. ಮನೆಯವರು ಅವಳ ಜೊತೆ ಮಾತು ಬಿಟ್ಟಿದ್ದರು, ಅಷ್ಟೇ.

ಟಾಕೀಸಿನಲ್ಲಿ ಗಲಾಟೆ ಎದ್ದಿತು. "ದೆವ್ವ ಎಲ್ಲಪ್ಪ?" ಎಂದು ಒಬ್ಬ ಕೂಗಿದ. ಇನ್ನೊಬ್ಬ ಶಿಳ್ಳೆ ಹಾಕಿದ. ಕೆಲವರು ಎದ್ದು ಹೋದರು. ತೆರೆಯ ಮೇಲೆ ಅತ್ತೆ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಕ್ಯಾಮೆರಾ ಅವಳ ಮುಖ ಬಿಟ್ಟು ಅಲ್ಲಾಡಲಿಲ್ಲ. ಕೆಟ್ಟ ಮುಖ ಅಲ್ಲ ಅದು. ಯಾರ ಮನೆಯಲ್ಲಾದರೂ ಇರುವಂಥ ಮುಖ. ಹಿಂದೆ ಸೊಸೆ ಬಂದು ನಿಂತು, "ಅತ್ತೆ" ಎಂದಳು. ಅತ್ತೆ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು.

ಶಿವಲಿಂಗಮ್ಮ ಕಡ್ಲೆಪುರಿಯ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡಳು.

ಆಮೇಲೆ ಸೊಸೆ ಹಿತ್ತಿಲಿಗೆ ಹೋಗುತ್ತಾಳೆ. ಹಗಲು ಹೊತ್ತು, ಬಿಸಿಲು ಚೆನ್ನಾಗಿ ಬಿದ್ದಿದೆ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿದೆ. ಯಾವ ಸೌಂಡೂ ಇಲ್ಲ. ಅವಳು ತನ್ನ ಹೆಸರನ್ನು ತಾನೇ ಮೆಲ್ಲಗೆ ಕರೆಯುತ್ತಾಳೆ. ಕರೆದು, "ಏನು?" ಎಂದು ತಾನೇ ಓಗೊಡುತ್ತಾಳೆ. "ಊಟ ಆಯ್ತಾ?" "ಆಯ್ತು, ನಿಂದು?" ಎಂದು ಇಬ್ಬರ ಮಾತನ್ನೂ ಒಬ್ಬಳೇ ಆಡುತ್ತಾಳೆ. ನಗುತ್ತಾಳೆ ಕೂಡ.

ಶಿವಲಿಂಗಮ್ಮನಿಗೆ ಒಂದು ಸಂಜೆ ನೆನಪಾಯಿತು. ರಮ್ಯಾ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಾತಾಡುತ್ತಿದ್ದಳು. "ಇವತ್ತು ಲೈನಲ್ಲಿ ಮಿಷನ್ ಕೆಟ್ಟೋಗಿತ್ತು... ಹೌದಾ?... ಹೂಂ, ಆಮೇಲೆ ಸರಿ ಮಾಡುದ್ರು." ಅಕ್ಕನಿಗೆ ಫೋನು ಮಾಡಿದ್ದಾಳೆ ಎಂದುಕೊಂಡು ಶಿವಲಿಂಗಮ್ಮ ಒಳಗೆ ಬಂದಿದ್ದಳು. ಒಳಗೆ ಟಿವಿಯ ಪಕ್ಕದಲ್ಲಿ ರಮ್ಯಾಳ ಫೋನು ಚಾರ್ಜಿಗೆ ಹಾಕಿತ್ತು. ಆಗ ಅದನ್ನು ಕಂಡಿದ್ದಳು. ಕಂಡು, ಅದರ ಬಗ್ಗೆ ಏನೂ ಯೋಚಿಸದೆ ಅಡುಗೆಮನೆಗೆ ಹೋಗಿದ್ದಳು.

ಈಗ ಗೋಡೆ ಪಕ್ಕದ ಸೀಟಿನಲ್ಲಿ ಆಕೆಯ ಮೈ ತಣ್ಣಗಾಯಿತು. ಕಾಲಿನಿಂದ ಶುರುವಾಗಿ ಮೇಲೆ ಬಂತು. ಕಣ್ಣು ಮುಚ್ಚಿಕೊಂಡಳು. ಮುಚ್ಚಿದರೆ ಹಿತ್ತಿಲು ಕಂಡಿತು, ತೆರೆದರೂ ಹಿತ್ತಿಲು ಕಂಡಿತು. ಎದ್ದು, ಸಾಲಿನವರ ಕಾಲು ತುಳಿಯುತ್ತ, ಬಾಗಿಲ ಪರದೆ ಸರಿಸಿಕೊಂಡು ಹೊರಗೆ ಬಂದು ಕ್ಯಾಂಟೀನಿನ ಬೆಂಚಿನ ಮೇಲೆ ಕೂತಳು.

ಹುಸೇನ್ ನೀರು ಕೊಟ್ಟ. ಕುಡಿಯಲು ಹೋಗಿ ಅರ್ಧ ನೀರನ್ನು ಸೀರೆಯ ಮೇಲೆ ಚೆಲ್ಲಿಕೊಂಡಳು. ಅವನಿಗೆ ಆಶ್ಚರ್ಯ. "ಸೌಂಡೇ ಇಲ್ವಲ್ಲಮ್ಮ ಆ ಪಿಕ್ಚರ್‌ನಲ್ಲಿ," ಎಂದ.

ಅನಂತರಾಜು ಓಡಿ ಬಂದ. ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳಿದ. ಆಕೆ ಬೇಡವೆಂದು ತಲೆಯಾಡಿಸಿದಳು. ಸೀರೆ ಒದರಿಕೊಂಡು, "ಇದು ಭಾನುವಾರದ ತನಕ ಇರ್ತದಾ?" ಎಂದು ಕೇಳಿದಳು.

"ಜನ ಎಲ್ಲಿ ಬತ್ತಾವ್ರೆ ಅವ್ವಾ? ಶನಿವಾರಕ್ಕೆ ತೆಗ್ದುಬುಡವ ಅಂತಿದ್ದೆ."

"ಭಾನುವಾರದ ಗಂಟ ಇಡಪ್ಪ. ನಾನ್ ಬತ್ತೀನಿ. ಇನ್ನೊಬ್ರನ್ನೂ ಕರ್ಕಂಡ್ ಬತ್ತೀನಿ."

ಇಬ್ಬರಿಗಾಗಿ ಒಂದು ಶೋ ಇಡುವುದು ವ್ಯಾಪಾರವಲ್ಲ ಎಂದು ಅನಂತರಾಜುವಿಗೆ ಗೊತ್ತಿತ್ತು. ಆದರೆ ಆಕೆ ಎದ್ದು ಬಂದ ಮೊದಲ ಸಿನಿಮಾ ಅದು. ಇಟ್ಟ.

ಬಸ್ಸಿನಲ್ಲಿ ಊರಿಗೆ ಬರುವಾಗ ಶಿವಲಿಂಗಮ್ಮ ಏನು ಹೇಳಬೇಕೆಂದು ಹೊಂದಿಸಿಕೊಂಡಳು. ಮನೆಗೆ ಬಂದಾಗ ಹೊಂದಿಸಿದ್ದೆಲ್ಲ ಹೋಗಿತ್ತು. ಆ ದಿನ ಆಗಲಿಲ್ಲ. ಮಾರನೆಯ ದಿನ ರಮ್ಯಾ ವ್ಯಾನಿಗೆ ಹೊರಟಾಗ ಬಾಗಿಲ ತನಕ ಬಂದು, ಕೆಮ್ಮಿ, ವಾಪಸ್ ಹೋದಳು. ಶನಿವಾರ ಸಂಜೆ ರಮ್ಯಾ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಎದುರಿಗೆ ಬಂದು ಕೂತು ಹೇಳಿದಳು.

"ನಾಳೆ ರಜಾ ಅಲ್ವಾ. ಸಿನಿಮಾಕ್ಕೆ ಹೋಗವ."

ರಮ್ಯಾ ಹಿಂತಿರುಗಿ ಕೊಟ್ಟಿಗೆಯ ಕಡೆ ನೋಡಿದಳು. ಕೆಂಪಿ ಮೆಲುಕು ಹಾಕುತ್ತಿತ್ತು. ಮತ್ತೆ ಅತ್ತೆಯ ಕಡೆ ತಿರುಗಿದಳು.

"ನಿಂಗೇ ಹೇಳಿದ್ದು ಕಣಮ್ಮಿ," ಎಂದಳು ಶಿವಲಿಂಗಮ್ಮ.

ಭಾನುವಾರ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಕನಕಪುರಕ್ಕೆ ಹೋದರು. ದಾರಿಯುದ್ದಕ್ಕೂ ಮಾತಿರಲಿಲ್ಲ. ಕಂಡಕ್ಟರ್ ಎರಡು ಸಲ ಬಂದು ನೋಡಿಕೊಂಡು ಹೋದ. ಟಾಕೀಸಿನಲ್ಲಿ ಕೈ ಬೆರಳಲ್ಲಿ ಎಣಿಸುವಷ್ಟು ಜನ. ಈ ಸಲ ಶಿವಲಿಂಗಮ್ಮ ತೆರೆಯ ಕಡೆಗಿಂತ ಪಕ್ಕಕ್ಕೆ ಹೆಚ್ಚು ನೋಡಿದಳು. ರಮ್ಯಾ ಹುಸೇನನ ಸಮೋಸ ತಿನ್ನುತ್ತ, ಅಲುಗಾಡದೆ, ಕೊನೆಯ ತನಕ ನೋಡಿದಳು. ಹಿತ್ತಿಲಿನ ಭಾಗ ಬಂದಾಗಲೂ ಮುಖ ಬದಲಾಗಲಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಶಿವಲಿಂಗಮ್ಮ ಕೇಳಿದಳು. "ಭಯ ಆಯ್ತಾ?"

"ಇಲ್ಲ ಅತ್ತೆ," ಎಂದಳು ರಮ್ಯಾ. "ನಂಗೆ ಅದು ಅಭ್ಯಾಸ ಆಗ್ಬುಟ್ಟೈತೆ."

ಶಿವಲಿಂಗಮ್ಮ ಕೈಯಲ್ಲಿದ್ದ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬೆಂಗಳೂರಿನ ಬಸ್ಸೊಂದು ಬಂದು, ಜನರನ್ನು ಇಳಿಸಿ ಹೋಯಿತು.

"ಬಟ್ಟೆ ಚೀಲ ಕೊಟ್ಟು ಕಳ್ಸಿದ್ದು ನಾನೇ," ಎಂದಳು ರಮ್ಯಾ. ಗಟ್ಟಿಯಾಗಿ ಹೇಳಲಿಲ್ಲ. "ನಂಗೆ ಗೊತ್ತು. ನಿಮಗೂ ಗೊತ್ತು. ಒಂದ್ಸಲ ಬೈದಿದ್ರೆ ನಾನೂ ಏನಾದ್ರೂ ಅಂತಿದ್ದೆ. ಕಾಲು ಹಿಡ್ಕತಿದ್ದೆ, ಇಲ್ಲಾ ಎದುರು ಮಾತಾಡ್ತಿದ್ದೆ. ನೀವು ಬೈತೀರಾ ಬೈತೀರಾ ಅಂತ ದಿನಾ ಕಾಯ್ತಿದ್ದೆ. ನೀವು ಹಸಿನ ಜೊತೆ ಮಾತಾಡ್ತಿದ್ರಿ."

"ನಿನ್ ತಪ್ಪಲ್ಲ ಅದು. ಲಾರಿಯವನ ತಪ್ಪು."

"ಇದ್ನ ಆವಾಗ್ಲೇ ಹೇಳ್ಬೇಕಾಗಿತ್ತು ಅತ್ತೆ."

"ಹೂಂ ಕಣಮ್ಮಿ. ಹೇಳ್ಬೇಕಾಗಿತ್ತು."

ಇಷ್ಟಕ್ಕೆ ಮಾತು ಮುಗಿದಿದ್ದರೆ ಶಿವಲಿಂಗಮ್ಮನಿಗೆ ಸುಲಭವಾಗುತ್ತಿತ್ತು. ಆದರೆ ರಮ್ಯಾಳ ಹತ್ತಿರ ಹೇಳುವುದು ಇನ್ನೂ ಇತ್ತು. ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದು. ಗಾರ್ಮೆಂಟ್ಸಿನಲ್ಲಿ ಮಿಷನ್ ರಿಪೇರಿ ಮಾಡುವ ಕೆಂಪರಾಜು ಎಂಬುವನು, ಮಾಗಡಿ ಕಡೆಯವನು, ಹೆಂಡತಿ ಕಳೆದುಕೊಂಡವನು, ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಇನ್ನೂ ಉತ್ತರ ಕೊಟ್ಟಿರಲಿಲ್ಲ. "ನಿಮಗೆ ಹೇಳ್ದೆ ಹೆಂಗೆ ಹೂಂ ಅನ್ಲಿ? ಹೇಳವ ಅಂದ್ರೆ ಹೆಂಗೆ ಹೇಳ್ಲಿ?"

ಶಿವಲಿಂಗಮ್ಮನ ಬಾಯಿ ಮುಚ್ಚಿಕೊಂಡಿತು. ಸ್ವಾಮಿಯ ಮುಖ ಕಣ್ಣ ಮುಂದೆ ಬಂತು, ಗಾಡಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸುವ ಅವನ ಅಭ್ಯಾಸ ಬಂತು. ಸುಮ್ಮನಿರುವುದು ಎಷ್ಟು ಸುಲಭವೆಂದು ಆಕೆಗೆ ಆಗ ಚೆನ್ನಾಗಿ ಗೊತ್ತಾಯಿತು. ಎದ್ದು ಬಸ್ಸು ಹತ್ತಿದರೆ ಸಾಕಿತ್ತು. ಪಕ್ಕದಲ್ಲಿ ರಮ್ಯಾ ಕಾಯುತ್ತಿದ್ದಳು. ಉತ್ತರ ಬರುವುದಿಲ್ಲವೆಂದು ಮೊದಲೇ ಗೊತ್ತಿದ್ದವರು ಕಾಯುವ ಹಾಗೆ ಕಾಯುತ್ತಿದ್ದಳು. ಅದನ್ನು ನೋಡಿ ಶಿವಲಿಂಗಮ್ಮನಿಗೆ ಟಾಕೀಸಿನಲ್ಲಾದ ಹಾಗೆ ಮತ್ತೆ ಮೈ ತಣ್ಣಗಾಯಿತು.

"ಕುಡೀತಾನಾ?" ಎಂದು ಕೇಳಿದಳು.

"ಇಲ್ಲ ಅತ್ತೆ."

"ಮಕ್ಳವ್ರಾ?"

"ಒಬ್ಳು ಮಗ್ಳು. ಸ್ಕೂಲಿಗೆ ಹೋಗ್ತಾಳೆ."

"ನಿಂಗೆ ಇಷ್ಟನಾ?"

ರಮ್ಯಾ ಹೂಂ ಎನ್ನುವ ಮೊದಲೇ ಅಳತೊಡಗಿದಳು. ಶಿವಲಿಂಗಮ್ಮ ಸೆರಗು ಕೊಟ್ಟಳು. ಕೊಟ್ಟು ತಾನು ಬೇರೆ ಕಡೆ ನೋಡಿದಳು. ತನ್ನ ಅಳುವನ್ನು ಮನೆಗೆ ಹೋದ ಮೇಲೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಅತ್ತಳು. ಅಂದು ಹಾಲು ಕರೆಯಲು ಬಹಳ ಹೊತ್ತು ಹಿಡಿಯಿತು.

ಕೆಲವು ವಾರಗಳಾದ ಮೇಲೆ ಆಕೆ ರಮ್ಯಾಳ ಅಕ್ಕನನ್ನು ಜೊತೆಗೆ ಕರೆದುಕೊಂಡು ಕೆಂಪರಾಜುವಿನ ಮನೆ ನೋಡಲು ಮಾಗಡಿಗೆ ಹೋದಳು. ಇದು ಯಾವ ಲೆಕ್ಕದ ಬೀಗತನವೆಂದು ಅವನ ಮನೆಯವರಿಗೆ ಅರ್ಥವಾಗಲಿಲ್ಲ. ಆದರೂ ಕಾಫಿ ಕೊಟ್ಟರು. ಆಕೆ ಜಮೀನು ಎಷ್ಟು ಎಂದು ಕೇಳಲಿಲ್ಲ.

"ಉಣ್ಣುವಾಗ ಮಾತಾಡ್ತೀಯೋ, ಸುಮ್ನೆ ಉಣ್ತೀಯೋ?" ಎಂದು ಕೆಂಪರಾಜುವನ್ನು ಕೇಳಿದಳು.

ಅವನು ಸುತ್ತ ನೋಡಿದ. "ಟಿವಿ ನೋಡ್ತೀನಮ್ಮ," ಎಂದ.

"ಟಿವಿ ಆರಿಸ್ಬುಡು."

"ಆಯ್ತಮ್ಮ," ಎಂದ ಕೆಂಪರಾಜು. ಅವನ ಮಗಳು ಬಾಗಿಲ ಹಿಂದೆ ಕಿಸಕ್ಕನೆ ನಕ್ಕಳು.

ಮದುವೆ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಸರಳವಾಗಿ ಆಯಿತು. ಕೋಡಿಹಳ್ಳಿಯಿಂದ ಬಂದವರು ಕಡಿಮೆ. ಸತ್ತ ಮಗನ ಹೆಂಡತಿಯ ಮದುವೆಗೆ ಅವನ ತಾಯಿಯೇ ಮುಂದೆ ನಿಲ್ಲುವುದೆಂದರೆ ಏನು ಎಂದು ಊರಲ್ಲಿ ಮಾತಾಯಿತು. ಶಿವಲಿಂಗಮ್ಮನಿಗೆ ಕೇಳಿಸುವ ಹಾಗೆಯೇ ಆಡಿದರು. ಆಕೆ ಧಾರೆಯ ಹೊತ್ತಿಗೆ ಹೆಣ್ಣಿನ ಕಡೆಯವರ ಸಾಲಿನಲ್ಲಿ ನಿಂತಿದ್ದಳು. ಅಕ್ಷತೆ ಹಾಕುವಾಗ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಹಾಕಿದಳು.

ರಮ್ಯಾ ಮಾಗಡಿಗೆ ಹೋದಳು. ಮನೆಯಲ್ಲಿ ಆಕೆಯೊಬ್ಬಳೇ ಎಂದು ಊರವರು ಮರುಕಪಟ್ಟರು. ಅಷ್ಟು ಮರುಕಪಡಬೇಕಾಗಿರಲಿಲ್ಲ. ರಮ್ಯಾ ದಿನಾ ಗಾರ್ಮೆಂಟ್ಸಿನ ಊಟದ ಬಿಡುವಿನಲ್ಲಿ ಫೋನು ಮಾಡುತ್ತಿದ್ದಳು. ಶಿವಲಿಂಗಮ್ಮನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಅರ್ಧ ಬೀದಿಗೆ ಕೇಳಿಸುತ್ತಿತ್ತು. ಕೆಂಪರಾಜುವಿನ ಮಗಳಿಗೆ ಮುದ್ದೆ ನುಂಗಲು ಬರುವುದಿಲ್ಲ, ಅಗಿಯುತ್ತಾಳೆ ಎಂಬುದು ಈಗ ಕೋಡಿಹಳ್ಳಿಗೆಲ್ಲ ಗೊತ್ತಿದೆ.

ಗೌರಿಹಬ್ಬಕ್ಕೆ ಶಿವಲಿಂಗಮ್ಮ ರಮ್ಯಾಳನ್ನು ಬಾಗಿನಕ್ಕೆ ಕರೆದಳು, ಮಗಳನ್ನು ಕರೆಯುವ ಹಾಗೆ. ಬಂದವಳು ಅಡುಗೆಮನೆಗೆ ಹೋಗಿ ಡಬ್ಬಗಳನ್ನೆಲ್ಲ ಬೇರೆ ಕಡೆ ಜೋಡಿಸಿಟ್ಟಿದ್ದನ್ನು ನೋಡಿದಳು.

"ಉಪ್ಪು ಎಲ್ಲಿಟ್ಟಿದೀರಾ? ಇಲ್ಲೇ ಇರ್ತಿತ್ತಲ್ಲ."

"ನಂಗೆ ಹೆಂಗೆ ಬೇಕೋ ಹಂಗಿಟ್ಕಂಡಿದೀನಿ. ನಿಂಗೇನು?"

"ನಂಗೇನು ಅಂದ್ರೆ? ಹೋಳಿಗೆಗೆ ಉಪ್ಪು ಬ್ಯಾಡ್ವಾ? ನೀವು ಯಾವತ್ತೂ ಉಪ್ಪು ಕಮ್ಮಿನೇ ಹಾಕಾದು. ಅಷ್ಟು ವರ್ಷ ಸುಮ್ನೆ ಉಂಡಿದೀನಿ ನಾನು."

"ಆವಾಗ್ಲೇ ಬಾಯ್ ಬುಟ್ಟು ಹೇಳ್ಬಾರ್ದಾಗಿತ್ತಾ?"

"ಯಾರ್ಗೆ ಹೇಳಾದು, ಕೆಂಪಿಗಾ?"

ದನಿ ಏರಿತು. ಹೋಳಿಗೆಯ ಹೂರಣ ಒಲೆಯ ಮೇಲೆ ತಳ ಹಿಡಿಯಿತು, ಇಬ್ಬರೂ ನೋಡಲಿಲ್ಲ. ಪಕ್ಕದ ಮನೆಯ ಸುಚಿತ್ರಾ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಹಬ್ಬದ ದಿನ ಇದೇನು ಜಗಳ ಎಂದು ಕೇಳಿದಳು.

"ಜಗಳ ಏನಿಲ್ಲ ಕಣಮ್ಮಿ, ಮಾತಾಡ್ತಾ ಇದೀವಿ," ಎಂದಳು ಶಿವಲಿಂಗಮ್ಮ. "ಹೂರಣ ಸೀದೋಯ್ತು. ನಿಮ್ಮನೇಲಿ ಬೇಳೆ ಐತಾ?"